ಒಂದು ಉಸಿರು ತಡ

ಫೆಬ್ರವರಿ 3, ಮಂಗಳವಾರ

ನರದ ಡಾಕ್ಟರು ಇವತ್ತು ಒಂದು ಪುಟ್ಟ ಪುಸ್ತಕ ಕೊಟ್ಟರು. ದಿನಾ ನೋವಿಗೆ ಅಂಕ ಹಾಕಬೇಕಂತೆ, ಸೊನ್ನೆಯಿಂದ ಹತ್ತರವರೆಗೆ. "ಹತ್ತು ಅಂದ್ರೆ ನೀವು ಊಹಿಸಬಹುದಾದ ಅತಿ ದೊಡ್ಡ ನೋವು" ಅಂದರು, ನಗುನಗುತ್ತಾ, ಮುಖದಲ್ಲಿ ಒಂದು ಗೆರೆಯೂ ಇಲ್ಲದೆ. ನನ್ನ ಊಹೆ ಎಷ್ಟು ದೊಡ್ಡದು ಅಂತ ಈ ಹಾಲುಗಲ್ಲದವನಿಗೇನು ಗೊತ್ತು? ಪುಸ್ತಕವನ್ನು ತಂದು ಅಡುಗೆಮನೆಯ ಕುಂಟು ಮೇಜಿನ ಕಾಲಡಿಗೆ ಇಟ್ಟಿದ್ದೇನೆ. ಮೇಜು ಈಗ ಅಲ್ಲಾಡುವುದಿಲ್ಲ. ಅದಾದರೂ ವಾಸಿಯಾಯಿತು. ಬರೆಯುವುದಿದ್ದರೆ ಇಲ್ಲಿ, ನನ್ನ ನೋಟುಬುಕ್ಕಿನಲ್ಲಿ ಬರೆಯುತ್ತೇನೆ, ಅಂಕಗಳ ಹಂಗಿಲ್ಲದೆ.

ಎಂಟು ತಿಂಗಳಿಂದ ಬಲಗೆನ್ನೆಯಲ್ಲಿ ಕರೆಂಟು ಹರಿಯುತ್ತಿದೆ. ಕಿವಿಯ ಬುಡದಲ್ಲಿ ಹುಟ್ಟಿ ತುಟಿಯ ಮೂಲೆಯವರೆಗೆ ಒಂದೇ ಏಟು. ಗಾಳಿ ತಾಗಿದರೆ ಬರುತ್ತದೆ, ಹಲ್ಲುಜ್ಜಿದರೆ ಬರುತ್ತದೆ, ತುಟಿಗೆ ತುಟಿ ತಾಗಿಸಿ ಪಿಸುಗುಟ್ಟಿದರಂತೂ ಕೂಗಿ ಕರೆದ ಹಾಗೆ ಬರುತ್ತದೆ. ಹಲ್ಲಿನ ಡಾಕ್ಟರೊಬ್ಬ ಎರಡು ಗಟ್ಟಿ ಹಲ್ಲು ಕಿತ್ತು, ಕೈ ತೊಳೆದುಕೊಂಡು, "ಇದು ಹಲ್ಲಿಂದಲ್ಲ ಅನ್ಸುತ್ತೆ" ಅಂದ. ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರೆ. ನನ್ನ ಕೋಪವೆಲ್ಲ ಈಗ ಅಲ್ಲೇ ಮನೆ ಮಾಡಿದೆ.

ನರದ ಡಾಕ್ಟರು ಬಿಳಿ ಮಾತ್ರೆ ಬರೆದುಕೊಟ್ಟರು. ನಡುವೆ ಗೆರೆ ಇರುವಂಥದ್ದು, ಮುರಿಯಲು ಅನುಕೂಲ. ಮೊದಲ ವಾರ ಬೆಳಿಗ್ಗೆ ಅರ್ಧ, ರಾತ್ರಿ ಅರ್ಧ. ಆಮೇಲೆ ಎರಡೂ ಹೊತ್ತು ಪೂರ್ತಿ.

"ನಿದ್ದೆ ಬರಬಹುದು, ತಲೆ ತಿರುಗಬಹುದು. ಕೆಲವರಿಗೆ ಒಂದು ಎರಡಾಗಿ ಕಾಣುತ್ತೆ, ಮಾತು ತಕ್ಷಣಕ್ಕೆ ನೆನಪಾಗಲ್ಲ. ಎಲ್ರಿಗೂ ಆಗಲ್ಲ. ನೀವು ಏನ್ ಕೆಲಸ ಮಾಡ್ತೀರಾ?"

"ನಾಟಕದಲ್ಲಿದ್ದೀನಿ."

"ಓ, ಆ್ಯಕ್ಟಿಂಗಾ?"

"ಅಷ್ಟು ಕೀಳು ಕೆಲಸ ಮಾಡಲ್ಲ" ಅಂದೆ.

ನಾನು ಮಾತು ಎತ್ತಿಕೊಡುವವಳು. ಪರದೆಯ ಪಕ್ಕದ ಕತ್ತಲಲ್ಲಿ ಕುರ್ಚಿ ಹಾಕಿಕೊಂಡು, ನಟರು ಮರೆತ ಮಾತನ್ನು ಜನರಿಗೆ ಕೇಳದ ಹಾಗೆ ಅವರ ಕಿವಿಗೆ ಹಾಕುವವಳು. ಇಪ್ಪತ್ತೆರಡು ವರ್ಷವಾಯಿತು. ಮಾತು ನೆನಪಾಗದಿದ್ದರೆ ಬೇರೆಯವರು ಸುಮ್ಮನಿರಬಹುದು. ನಾನು ಸುಮ್ಮನಿದ್ದರೆ ನನಗೆ ಸಂಬಳ ಯಾಕೆ ಕೊಡಬೇಕು?

ಫೆಬ್ರವರಿ 6, ಶುಕ್ರವಾರ

ತಲೆ ಹತ್ತಿ ತುಂಬಿದ ಚೀಲ. ಬೆಳಿಗ್ಗೆ ಸ್ನಾನದ ಮನೆಯ ಬಾಗಿಲಿಗೆ ಹಣೆ ಹೊಡೆಸಿಕೊಂಡೆ. ಅತ್ತಿಗೆ, ಎಂದರೆ ತೀರಿಕೊಂಡ ನನ್ನ ಅಣ್ಣನ ಹೆಂಡತಿ, ಈ ಎರಡು ಕೋಣೆಯ ಮನೆಯಲ್ಲಿ ನನ್ನ ಜೊತೆಗಿರುವ ಏಕಮಾತ್ರ ರೇಡಿಯೋ, ಓಡಿ ಬಂದರು.

"ಅಯ್ಯೋ, ಬಾಗ್ಲು ಅಲ್ಲೇ ಇತ್ತಲ್ಲೇ!"

"ನಿನ್ನೆ ರಾತ್ರಿ ಬೇರೆ ಕಡೆ ಇತ್ತಾ ಅತ್ತಿಗೆ?"

ಮಾತ್ರೆಯ ಡಬ್ಬಿಯೊಳಗಿನ ಕಾಗದ ಓದಿದೆ. ಬಿಚ್ಚಿದರೆ ಟವೆಲಿನಷ್ಟಿದೆ. ಮೈ ಮೇಲೆ ಗಂಧೆ, ರಕ್ತದಲ್ಲಿ ಉಪ್ಪು ಇಳಿಯುವುದು, ನಡೆದಾಡುವಾಗ ಓಲಾಡುವುದು. ಕೊನೆಗೆ 'ಅಪರೂಪಕ್ಕೆ' ಅಂತ ಹೇಳಿ ಸಾವನ್ನೂ ಸಣ್ಣ ಅಕ್ಷರದಲ್ಲಿ ಸೇರಿಸಿದ್ದಾರೆ. ಪರವಾಗಿಲ್ಲ, ನಮ್ಮ ನಾಟಕಗಳಿಗಿಂತ ಅಚ್ಚುಕಟ್ಟಾಗಿ ಬರೆದಿದ್ದಾರೆ.

ಫೆಬ್ರವರಿ 14, ಶನಿವಾರ

ಪೂರ್ತಿ ಮಾತ್ರೆ ಶುರುವಾಗಿ ನಾಲ್ಕು ದಿನ. ಇವತ್ತು ಮುಖಕ್ಕೆ ನೀರು ಎರಚಿಕೊಂಡೆ. ಎರಡೂ ಕೈಯಲ್ಲಿ, ಎರಡೂ ಕೆನ್ನೆಗೆ. ಏನೂ ಆಗಲಿಲ್ಲ. ಮತ್ತೆ ಎರಚಿದೆ. ಅತ್ತಿಗೆ ಬಂದು ನೋಡುವಷ್ಟರಲ್ಲಿ ನೆಲವೆಲ್ಲ ನೀರು, ನಾನು ಅಲ್ಲೇ ನಿಂತು ಅಳುತ್ತಿದ್ದೆ. ಸಂತೋಷಕ್ಕೆ ಅತ್ತೆ, ಅದನ್ನು ಮುಚ್ಚಿಡುವುದೇನು. ಅತ್ತಿಗೆಗೆ ಮಾತ್ರ ಸೋಪು ಕಣ್ಣಿಗೆ ಹೋಯಿತು ಅಂದೆ.

ಮಧ್ಯಾಹ್ನ ಬ್ರೆಡ್ಡನ್ನು ಬಲಗಡೆಯಲ್ಲೇ ಅಗಿದೆ.

ಫೆಬ್ರವರಿ 21, ಶನಿವಾರ

ನಮ್ಮ ಮುಖ್ಯ ನಟನ ಬಗ್ಗೆ ಬರೆದಿಟ್ಟರೆ ಮುಂದೆ ಯಾವುದಾದರೂ ವೈದ್ಯರಿಗೆ ಉಪಯೋಗವಾದೀತು. ಅವನಿಗೆ ನಾನಿಟ್ಟ ಹೆಸರು ಮರೆಗುಳಿ. ಅರವತ್ತು ವರ್ಷ, ದೇವಲೋಕದ ದನಿ, ಸೋರುವ ತಲೆ. ಚಪ್ಪಲಿ ಹಾಕಿಕೊಂಡು ರಂಗದ ಮೇಲೆ ಹೋದರೆ ಮಾತು ಮರೆಯುತ್ತದೆ ಅಂತ ನಂಬಿಕೆ. ಹಾಗಾಗಿ ರಾಜನ ಪಾತ್ರಕ್ಕೂ ಬರಿಗಾಲು. ಬರಿಗಾಲಲ್ಲೂ ಮರೆಯುತ್ತಾನೆ, ಆ ಮಾತು ಬೇರೆ.

ನನ್ನ ವಿದ್ಯೆ ಇರುವುದು ಪುಸ್ತಕ ನೋಡಿ ಓದುವುದರಲ್ಲಲ್ಲ. ಅದನ್ನು ಯಾರೂ ಮಾಡಬಹುದು. ನಟ ಸುಮ್ಮನಾದಾಗ ಅದು ನಟನೆಯ ಮೌನವೋ ಮರೆವಿನ ಮೌನವೋ ಅಂತ ತಿಳಿಯಬೇಕು. ನಟನೆಯ ಮೌನದಲ್ಲಿ ಬಾಯಿ ಹಾಕಿದರೆ ದೃಶ್ಯ ಸತ್ತಿತು. ಮರೆವಿನ ಮೌನದಲ್ಲಿ ಒಂದು ಉಸಿರು ತಡವಾದರೆ ನಟ ಸತ್ತ. ಮರೆಗುಳಿಯ ಗುಟ್ಟು ನನಗೊಬ್ಬಳಿಗೇ ಗೊತ್ತು. ಮರೆತಾಗ ಅವನ ಎಡಗಾಲಿನ ಹೆಬ್ಬೆರಳು ನೆಲ ಬಿಟ್ಟು ಏಳುತ್ತದೆ. ಎದ್ದ ಬೆರಳು ಇಳಿಯುವುದರೊಳಗೆ ಮಾತು ಅವನ ಕಿವಿಯಲ್ಲಿರಬೇಕು.

ಈಚೆಗೆ ಅವನು ಇನ್ನೂ ಮಂದವಾಗಿದ್ದಾನೆ. ಮಾತು ಕೊಟ್ಟ ಮೇಲೂ ಹೇಳಲು ತಡ. ಇವತ್ತಂತೂ ಎರಡು ಕಡೆ ಜನ ಕೆಮ್ಮಿದರು. ವಯಸ್ಸು ಯಾರನ್ನು ಬಿಡುತ್ತದೆ?

ನಿರ್ದೇಶಕ ಮತ್ತೆ ಆ ಯಂತ್ರದ ಮಾತೆತ್ತಿದ. ಕಿವಿಯೊಳಗೆ ಕಡಲೆ ಗಾತ್ರದ್ದೊಂದನ್ನು ಇಟ್ಟರೆ, ಆಫೀಸಿನಲ್ಲಿ ಕೂತು ಯಾರು ಬೇಕಾದರೂ ಪುಸ್ತಕ ನೋಡಿ ಓದಬಹುದಂತೆ. ಆಗ ಪರದೆಯ ಪಕ್ಕದ ಕುರ್ಚಿ ಯಾಕೆ? ಏಪ್ರಿಲ್ ಐದಕ್ಕೆ ಹೊಸ ನಾಟಕ. ಅದನ್ನು ನೋಡಿ ತೀರ್ಮಾನ ಅಂದ. ನನ್ನ ಕೆನ್ನೆಯ ವಿಷಯ ಇವರಿಗೆ ಗೊತ್ತಾಗಬಾರದು. ಗೊತ್ತಾದರೆ ಕುರ್ಚಿ ನಾಳೆಯೇ ಹೋದೀತು.

ಮಾರ್ಚ್ 1, ಭಾನುವಾರ

ಮ್ಯಾಟಿನಿ. ಮರೆಗುಳಿ ಸಾಯುವ ವರ್ತಕ. ಹಾಸಿಗೆಯ ಮೇಲೆ ಮಗಳ ಕೈ ಹಿಡಿದು, "ಬೀಗದ ಕೈ ನಿನ್ನ ಹತ್ತಿರವೇ ಇರಲಿ, ತಾಯಿ" ಅನ್ನಬೇಕು. ಕಂಬಳಿಯ ಹೊರಗೆ ಹೆಬ್ಬೆರಳು ಎದ್ದಿತು. ನಾನು ಕೊಟ್ಟೆ. ಈ ಪುಣ್ಯಾತ್ಮ ಮಗಳ ಕೈ ಹಿಡಿದು, ಕಣ್ಣಲ್ಲಿ ನೀರು ತುಂಬಿ, ಕೊನೆಯ ಸಾಲಿನವರೆಗೂ ಕೇಳುವಂತೆ ಹೇಳಿದ: "ಬೆಳಿಗ್ಗೆ ಹಿಡಿದದ್ದು ತಾಯಿ, ಕಿವಿರು ಎತ್ತಿ ನೋಡು."

ಒಂಬತ್ತು ವರ್ಷದ ಹಿಂದೆ ಅವನು ಮೀನು ಮಾರುವವನ ಪಾತ್ರ ಮಾಡಿದ್ದ ನಗೆನಾಟಕದ ಮಾತು! ಜನ ಬಿದ್ದು ಬಿದ್ದು ನಕ್ಕರು. ಸತ್ತ ಮೇಲೂ ನಕ್ಕರು. ಮಗಳ ಪಾತ್ರದವಳು ಹೆಣದ ಮೇಲೆ ಮುಖ ಮುಚ್ಚಿಕೊಂಡು ಅಲುಗಾಡುತ್ತಿದ್ದಳು. ಅಳು ಅಂತ ತಿಳಿದುಕೊಂಡವರು ಪುಣ್ಯವಂತರು.

ನಿರ್ದೇಶಕ ಕೆಂಡವಾದ. ಮರೆಗುಳಿ ನನ್ನ ಕಡೆ ಒಂದು ಸಲ ನೋಡಿ, "ನನ್ನದೇ ತಪ್ಪು, ತಲೆ ಎಲ್ಲೋ ಇತ್ತು" ಅಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ನೆಲದ ಮೇಲೆ ಹಾಕಲಿಲ್ಲ, ಅಷ್ಟಾದರೂ ಮಾನ ಉಳಿದಿದೆ.

ಮಾರ್ಚ್ 6, ಶುಕ್ರವಾರ

ರಕ್ತ ಪರೀಕ್ಷೆಗೆ ಹೋಗಿದ್ದೆವು. ಉಪ್ಪು ಸರಿಯಿದೆಯಂತೆ. ಡಾಕ್ಟರು, "ಏನಾದ್ರೂ ತೊಂದ್ರೆ ಇದ್ಯಾ?" ಅಂದರು. ಏನೂ ಇಲ್ಲ ಅಂದೆ. ಅತ್ತಿಗೆಗೆ ಬಾಯಿ ತುರಿಸಿತು.

"ಇವ್ಳು ಸೌಟಿಗೆ ಅದು ಅಂತಾಳೆ ಡಾಕ್ಟ್ರೇ. ಜರಡಿಗೂ ಅದೇ. ನಿನ್ನೆ, ಅತ್ತಿಗೆ ಆ ಅದನ್ನ ಆ ಇದ್ರ ಮೇಲಿಡಿ ಅಂದ್ಲು. ನಾನು ಏನನ್ನ ಎಲ್ಲಿಡ್ಲಿ?"

"ಬಾಯಿ ಮೇಲಿಡಿ" ಅಂದೆ.

ಡಾಕ್ಟರು ನಕ್ಕು, ಪುಸ್ತಕ ತಂದಿದ್ದೀರಾ ಅಂತ ಕೇಳಿದರು. ಮೇಜಿಗೆ ಉಪಯೋಗವಾಗುತ್ತಿದೆ ಅಂತ ಹೇಳುವುದೇ? ಮರೆತೆ ಅಂದೆ. ದಿನವಿಡೀ ದುಡಿದು ದಣಿದವಳು ಸೌಟಿನ ಹೆಸರು ಬಿಟ್ಟರೆ ಅದೊಂದು ರೋಗವೇ? ಬರುವಾಗ ಆಸ್ಪತ್ರೆಯ ಆ ಎತ್ತರದ, ಒಳಗೆ ನಿಂತರೆ ಮೇಲಕ್ಕೆ ಕರೆದುಕೊಂಡು ಹೋಗುವುದು, ಅದು ಕೆಟ್ಟಿತ್ತು. ಮೆಟ್ಟಿಲು ಇಳಿದು ಬಂದೆವು.

ಲಿಫ್ಟು. ಈಗ ನೆನಪಾಯಿತು.

ಮಾರ್ಚ್ 14, ಶನಿವಾರ

ಹೊಸ ನಾಟಕದ ತಾಲೀಮು ಹನ್ನೊಂದಕ್ಕೆ. ನಾನು ಹತ್ತೂಮುಕ್ಕಾಲಿಗೆ ಹೋದರೆ ಈ ಸೋಮಾರಿಗಳೆಲ್ಲ ಆಗಲೇ ಬಂದು, ಟೀ ಲೋಟಗಳು ಖಾಲಿಯಾಗಿ, ಬೆವರು ಬೇರೆ. ನಾನು ಒಳಗೆ ಕಾಲಿಟ್ಟ ಕೂಡಲೇ ಮಾತು ನಿಂತಿತು. ನನ್ನ ಬಗ್ಗೆ ಆಡಿಕೊಳ್ಳುತ್ತಿದ್ದಿರಬೇಕು, ಆಡಿಕೊಳ್ಳಲಿ. ಆಮೇಲೆ ತಾಲೀಮಿನಲ್ಲಿ ಯಾರೂ ಒಂದು ಮಾತು ತಪ್ಪಲಿಲ್ಲ. ಮರೆಗುಳಿ ಕೂಡ! ಮೂರು ಅಂಕ, ಹೆಬ್ಬೆರಳು ನೆಲಕ್ಕೆ ಅಂಟಿಕೊಂಡೇ ಇತ್ತು. ಇಪ್ಪತ್ತೆರಡು ವರ್ಷ ಬೈದದ್ದು ಕೊನೆಗೂ ಮೈಗೆ ಹತ್ತಿತು.

ಅತ್ತಿಗೆ ಬಸ್ ಸ್ಟಾಪಿನಲ್ಲಿ ಮರೆಗುಳಿಯ ಹೆಂಡತಿಯನ್ನು ಕಂಡರಂತೆ. "ದಿನಾ ಬೆಳಿಗ್ಗೆ ಐದಕ್ಕೇ ಎದ್ದು ಅವ್ಳನ್ನ ಕೂರಿಸ್ಕೊಂಡು ಮಾತು ಒಪ್ಪಿಸ್ತಾರಂತೆ ಕಣೇ. ಪಾಪ, ಅವ್ಳಿಗೆ ನಾಟಕ ಪೂರ್ತಿ ಬಾಯಿಪಾಠ ಆಗ್ಬಿಟ್ಟಿದೆಯಂತೆ."

ಹಣ್ಣು ತಲೆಗೆ ಈಗ ಪಾಠದ ಚಿಂತೆ. ನನಗೇನು ಕೆಲಸ? ಕುರ್ಚಿಯಲ್ಲಿ ಕೂತು ಆಕಳಿಸಿದೆ. ನಿದ್ದೆಯೂ ಬಂತು.

ಮಾರ್ಚ್ 22, ಭಾನುವಾರ

ನನ್ನ ಕುರ್ಚಿಯ ಬಲಗಡೆ, ಪಕ್ಕದ ಬಾಗಿಲಿನ ಗಾಳಿ ಬರುವಲ್ಲಿ, ಯಾರೋ ದಪ್ಪ ಬಟ್ಟೆಯ ಪರದೆ ಇಳಿಬಿಟ್ಟಿದ್ದಾರೆ. ಕುರ್ಚಿಗೆ ದಿಂಬು ಬೇರೆ. ಯಾರು ಹಾಕಿದ್ದು ಅಂತ ಕೇಳಿದರೆ ಬಡಗಿ ಮೇಲೆ ನೋಡಿದ, ಧ್ವನಿಯವನು ಕೆಳಗೆ ನೋಡಿದ. ಬೇಡದ ಅಲಂಕಾರ. ಗಾಳಿ ಬರದಿರುವುದು ನಿಜ.

ಕೆನ್ನೆಯಲ್ಲಿ ಏನೂ ಇಲ್ಲ. ಐದು ವಾರದಿಂದ ಏನೂ ಇಲ್ಲ. ಕೆಲವು ಸಲ ಆ ನೋವು ಯಾರದೋ ಕಥೆ ಅನಿಸುತ್ತದೆ.

ಮಾರ್ಚ್ 29, ಭಾನುವಾರ

ಹೇಗೆ ಬರೆಯಲಿ. ಬರೆಯುತ್ತೇನೆ.

ಮುಂದಿನ ತಿಂಗಳು ಮರೆಗುಳಿ ರಂಗಕ್ಕೆ ಬಂದು ನಲವತ್ತು ವರ್ಷವಾಗುತ್ತದೆ, ಎಲ್ಲರೂ ಸೇರಿ ಒಂದು ಊಟ. ಆ ಊಟದಲ್ಲಿ ಅವನ ಮೀನಿನ ಮಾತು ಹಾಕಿ ನಗಿಸೋಣ, ಚೆನ್ನಾಗಿ ಉಗಿಯೋಣ ಅಂತ ನನಗೆ ಹೊಳೆಯಿತು. ಧ್ವನಿಯವನು ಪ್ರತಿ ಪ್ರಯೋಗವನ್ನೂ ರೆಕಾರ್ಡು ಮಾಡಿ ಇಡುತ್ತಾನೆ. ಮಾರ್ಚ್ ಒಂದರದ್ದು ಕೊಡು ಅಂದೆ.

"ಬೇಡ ಬಿಡಿ ಅಕ್ಕಾ, ಹಳೇದು."

"ಹಳೇದಾದ್ರೆ ಏನು, ಉಪ್ಪಿನಕಾಯೇ? ಕೊಡು."

"ಸರಿಯಾಗಿ ರೆಕಾರ್ಡ್ ಆಗಿಲ್ಲ."

"ನಿನ್ನ ಕೆಲಸ ಯಾವತ್ತು ಸರಿಯಾಗಿದೆ? ಕೊಡೋ."

ಕೊಟ್ಟ. ಹೆಡ್‌ಫೋನು ಹಾಕಿಕೊಂಡು ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಕೂತು ಕೇಳಿದೆ. ಒಂದು ಮೈಕು ನನ್ನ ಕುರ್ಚಿಯ ಹತ್ತಿರವೇ ಇದ್ದಿರಬೇಕು. ಮರೆಗುಳಿ ಸುಮ್ಮನಾಗುತ್ತಾನೆ. ಒಂದು ಉಸಿರು. ಎರಡು ಉಸಿರು. ಯಾರೋ ಕೆಮ್ಮುತ್ತಾರೆ. ಆಮೇಲೆ ಒಂದು ಪಿಸುದನಿ, ಸ್ಪಷ್ಟವಾಗಿ, ಎಲ್ಲಿಯೂ ಎಡವದೆ: "ಬೆಳಿಗ್ಗೆ ಹಿಡಿದದ್ದು ತಾಯಿ, ಕಿವಿರು ಎತ್ತಿ ನೋಡು."

ನನ್ನ ದನಿ.

ನಾಲ್ಕು ಸಲ ಕೇಳಿದೆ. ಬೇರೆಯವರ ದನಿಯಾಗಲಿ ಅಂತ ಕೇಳಿದೆ. ಆಮೇಲೆ ಉಳಿದದ್ದೂ ಕೇಳಿದೆ. ಫೆಬ್ರವರಿ ಇಪ್ಪತ್ತೊಂದರದ್ದು. ತಡ ಅವನದಲ್ಲ. ಪ್ರತಿ ಸಲವೂ ನನ್ನದು, ಒಂದು ಉಸಿರು, ಒಂದೂವರೆ ಉಸಿರು. ಅವನು ಕಾಯುತ್ತಿದ್ದ. ನಾನಿಲ್ಲಿ ಅವನಿಗೆ ವಯಸ್ಸಾಯಿತು ಅಂತ ಬರೆಯುತ್ತಿದ್ದೆ.

ಮರೆಗುಳಿ ಹಿಂಬದಿಯ ಮೆಟ್ಟಿಲ ಮೇಲೆ ಕೂತು ಪಾಠ ಓದುತ್ತಿದ್ದ.

"ಯಾಕೆ ನಿಮ್ಮ ತಪ್ಪು ಅಂದ್ರಿ?" ಅಂದೆ.

ಏನು ಎತ್ತ ಅಂತ ಕೇಳಲಿಲ್ಲ. ಹಾಳೆ ಮಡಚಿದ. "ಇಪ್ಪತ್ತೆರಡು ವರ್ಷದಲ್ಲಿ ನನ್ ತಪ್ಪನ್ನ ನೀವು ಒಂದ್ಸಲನಾದ್ರೂ ಹೊರಗೆ ಹೇಳಿದ್ದೀರಾ?"

"ಮೀನಿನ ಮಾತು ಅಂತ ಗೊತ್ತಾಗಲಿಲ್ವಾ ನಿಮ್ಗೆ? ಸಾಯೋನು ಕಿವಿರು ಎತ್ತಿ ನೋಡು ಅಂತಾನಾ?"

"ನೀವು ಕೊಟ್ರಿ, ಹೇಳ್ದೆ. ನೀವು ಕೊಟ್ಟಿದ್ದನ್ನ ನಾನು ಯಾವತ್ತು ಮೂಸಿ ನೋಡಿದ್ದೀನಿ?"

ಎಲ್ಲರಿಗೂ ಗೊತ್ತಂತೆ. ಕೆನ್ನೆ ಹಿಡಿದುಕೊಳ್ಳುವುದನ್ನು ಕಳೆದ ವರ್ಷದಿಂದಲೇ ನೋಡಿದ್ದಾರೆ. ಮಾತ್ರೆಯನ್ನೂ ನೋಡಿದ್ದಾರೆ. ದಿನಾ ಒಂಬತ್ತಕ್ಕೇ ಬಂದು, ನಾನು ಬರುವ ಮೊದಲು, ನನ್ನ ಅಗತ್ಯ ಬೀಳದ ಹಾಗೆ ಮಾತು ಗಟ್ಟಿಮಾಡಿಕೊಂಡಿದ್ದಾರೆ. ನಾನು ಉಗಿದ ಜನ ನನ್ನನ್ನು ಸಾಕುತ್ತಿದ್ದಾರೆ. ಇದಕ್ಕಿಂತ ಮುಖಕ್ಕೆ ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ.

ರಾತ್ರಿಯ ಮಾತ್ರೆ ನುಂಗಲಿಲ್ಲ.

ಏಪ್ರಿಲ್ 1, ಬುಧವಾರ

ಬಂತು. ಹಲ್ಲುಜ್ಜುವಾಗ. ಬ್ರಷ್ಷು ಬಚ್ಚಲಿಗೆ ಬಿತ್ತು.

ಸೌಟು. ಜರಡಿ. ಲಿಫ್ಟು. ಎಲ್ಲ ನೆನಪಿದೆ. ಹೊಸ ನಾಟಕದ ಮೂರು ಅಂಕ ಒಂದು ಕೂದಲೆಳೆ ತಪ್ಪದೆ ಹೇಳಬಲ್ಲೆ. ಬಾಯಿ ತೆರೆಯಲು ಆಗುವುದಿಲ್ಲ, ಅಷ್ಟೇ.

ಏಪ್ರಿಲ್ 2, ಗುರುವಾರ

ಅತ್ತಿಗೆ ನನ್ನನ್ನು ಆಟೋದೊಳಕ್ಕೆ ತಳ್ಳಿ ಕರೆದುಕೊಂಡು ಹೋದರು. ಹಾಲುಗಲ್ಲದ ಡಾಕ್ಟರು ಮೊದಲ ಸಲ ನಗಲಿಲ್ಲ.

"ಈ ಮಾತ್ರೆನ ಏಕಾಏಕಿ ನಿಲ್ಲಿಸ್ಬಾರ್ದು ಅಂತ ಹೇಳಿದ್ನಲ್ಲ? ಫಿಟ್ಸ್ ಬರಬಹುದಿತ್ತು. ಮಾತು ಬರಲ್ಲ ಅಂತ ನಂಗ್ಯಾಕೆ ಹೇಳ್ಲಿಲ್ಲ?"

ನಿಮ್ಮನ್ನು ದಡ್ಡ ಅಂದುಕೊಂಡಿದ್ದೆ ಅಂತ ಹೇಳಲಿಲ್ಲ. ಎಲ್ಲ ಹೇಳಿದೆ, ಮೀನಿನವರೆಗೂ. ಕೇಳಿದರು. ಗಡಿಯಾರ ನೋಡದೆ ಕೇಳಿದರು. ಕಾಗದದ ಮೇಲೆ ಲೆಕ್ಕ ಹಾಕಿ, ದಿನದ ಪ್ರಮಾಣ ಸ್ವಲ್ಪ ಇಳಿಸಿ, ಬೆಳಿಗ್ಗೆ ಅರ್ಧ, ಮಧ್ಯಾಹ್ನ ಅರ್ಧ, ನಾಟಕ ಮುಗಿದ ಮೇಲೆ ಅರ್ಧ ಅಂದರು.

"ಹೀಗೆ ಮಾಡಿದ್ರೆ ನೋವು ಪೂರ್ತಿ ಹೋಗಲ್ಲ. ಮಾತೂ ಪೂರ್ತಿ ಬರಲ್ಲ. ಎಷ್ಟು ನೋವು ತಡೀತೀರಿ, ಎಷ್ಟು ತಡ ತಡೀತೀರಿ, ಅದನ್ನ ನೀವೇ ಹೇಳ್ಬೇಕು. ಅದಕ್ಕೇ ಪುಸ್ತಕ ಕೊಟ್ಟಿದ್ದು."

ಪೂರ್ತಿ ಮಾತ್ರೆಯಲ್ಲಿ ಮುಖ ತೊಳೆಯಬಹುದು, ನಿದ್ದೆ ಮಾಡಬಹುದು, ಬ್ರೆಡ್ಡು ತಿನ್ನಬಹುದು, ಆದರೆ ಕುರ್ಚಿಯಲ್ಲಿ ನಾನೊಂದು ದಿಂಬು. ಮಾತ್ರೆಯಿಲ್ಲದೆ ನಾನು ನಾನೇ, ಬಾಯಿ ಹೊಲಿದ ನಾನು. ಐವತ್ತೇಳು ವರ್ಷಕ್ಕೆ ಅತ್ತ ದರಿ ಇತ್ತ ಪುಲಿ. ನಡುವೆ ಅರ್ಧ ಮಾತ್ರೆ.

ನಿರ್ದೇಶಕನಿಗೂ ಹೇಳಿದೆ. ಇನ್ನು ಮುಚ್ಚಿಡಲು ಏನು ಉಳಿದಿದೆ? ಅವನು, "ಭಾನುವಾರ ನೋಡೋಣಕ್ಕಾ" ಅಂದ, ಎದುರಿನ ಗೋಡೆಗೆ.

ಏಪ್ರಿಲ್ 5, ಭಾನುವಾರ

ಹೊಸ ನಾಟಕ, ಮೊದಲ ಪ್ರಯೋಗ, ಮಧ್ಯಾಹ್ನ ಮೂರು. ಒಬ್ಬ ಸೇತುವೆ ಕಾಯುವವನು ತಮ್ಮನ ಜೊತೆ ಮಾತು ಬಿಟ್ಟು ಹದಿನೈದು ವರ್ಷ. ಕೊನೆಯ ದೃಶ್ಯದಲ್ಲಿ ತಮ್ಮ ಹೊಸ್ತಿಲಲ್ಲಿ ನಿಂತಿದ್ದಾನೆ. ಅಣ್ಣ, "ಬಾ, ಬಾಗಿಲು ಹಾಕಿರಲಿಲ್ಲ" ಅನ್ನಬೇಕು. ಅದೇ ನಾಟಕದ ಕೊನೆಯ ಮಾತು. ಬರೆದ ಮಹಾನುಭಾವನಿಗೆ ಬೇರೆ ಅಕ್ಷರ ಸಿಗಲಿಲ್ಲ. ಎರಡು ಸಲ ತುಟಿ ಕೂಡಿಸಬೇಕು, ಎರಡು ಸಲ ಏಟು ತಿನ್ನಬೇಕು.

ಅಲ್ಲಿಯವರೆಗೆ ಯಾರಿಗೂ ನನ್ನಿಂದ ಏನೂ ಬೇಕಾಗಲಿಲ್ಲ. ಕೆನ್ನೆಯಲ್ಲಿ ಸಣ್ಣಗೆ ಇರುವೆ ಹರಿಯುತ್ತಿತ್ತು. ತಮ್ಮ ಬಂದ. ಮರೆಗುಳಿ ತಿರುಗಿದರು. ಸುಮ್ಮನಾದರು. ನಾನು ಅವರ ಕಾಲು ನೋಡಿದೆ.

ಹೆಬ್ಬೆರಳು ಎದ್ದಿತು.

ಮಾತು ನನ್ನಲ್ಲಿತ್ತು. ಎಲ್ಲಿತ್ತು ಅಂತ ತಿಳಿಯಲಿಲ್ಲ. ಬೀಗದ ಕೈ ಬಂತು, ತಳ್ಳಿದೆ. ಕಿವಿರು ಬಂತು, ಅದನ್ನೂ ತಳ್ಳಿದೆ. ಒಂದು ಉಸಿರು ಹೋಯಿತು. ಎರಡು. ಮರೆಗುಳಿ ಅಲ್ಲಾಡಲಿಲ್ಲ. ತಮ್ಮನನ್ನೇ ನೋಡುತ್ತಾ, ಕೈಯನ್ನು ಬಾಗಿಲಿನ ಕಡೆ ಅರ್ಧ ಎತ್ತಿ, ಬೆರಳನ್ನು ಇಳಿಸದೆ ನಿಂತರು. ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ. ಮೂರನೆಯ ಉಸಿರಿಗೆ ಸಿಕ್ಕಿತು. ಕೊಟ್ಟೆ. ಎರಡು ಏಟೂ ಬಿದ್ದವು, ಕಣ್ಣಲ್ಲಿ ನೀರು ಬಂತು, ಆದರೆ ಮಾತು ಮುರಿಯದೆ ಹೋಯಿತು. ಅವರು ಹೇಳಿದರು. ಬೆರಳು ನೆಲಕ್ಕಿಳಿಯಿತು.

ಪರದೆ ಬಿದ್ದ ಮೇಲೆ ಅವರು ನನ್ನ ಕುರ್ಚಿಯ ಹತ್ತಿರ ಬಂದು, "ಥ್ಯಾಂಕ್ಸ್, ಪೂರ್ತಿ ಮರೆತೇಹೋಗಿತ್ತು" ಅಂದರು.

ಏಪ್ರಿಲ್ 6, ಸೋಮವಾರ

ಪತ್ರಿಕೆಯವರು ಬರೆದಿದ್ದಾರೆ: "ಕೊನೆಯ ಮಾತಿಗೆ ಮುಂಚಿನ ಆ ದೀರ್ಘ ಮೌನ ಈ ನಟನ ನಲವತ್ತು ವರ್ಷದ ಸಾಧನೆಯ ಶಿಖರ." ನಿರ್ದೇಶಕ ಫೋನು ಮಾಡಿ, ದಿನಾ ಅಷ್ಟೇ ಹೊತ್ತು ಇರಬೇಕು, ಯಂತ್ರದ ಮಾತು ಸದ್ಯಕ್ಕೆ ಬೇಡ ಅಂದ. ಮೂರ್ಖ ಶಿಖಾಮಣಿಗಳು. ಯಾವ ಮೌನ ಯಾವುದು ಅಂತ ತಿಳಿಯದ ಇವರೆಲ್ಲ ಕಾಸು ಕೊಟ್ಟು ನಾಟಕ ನೋಡುತ್ತಾರೆ.

ಅತ್ತಿಗೆ ಪತ್ರಿಕೆಯನ್ನು ಎರಡನೆಯ ಸಲ ಗಟ್ಟಿಯಾಗಿ ಓದಿ, "ಮರ್ತೇಹೋಗಿತ್ತು ಅಂತ ನಿಂಗಂದ್ರಾ? ಅವ್ರ ಹೆಂಡ್ತಿ ನನ್ ಪಕ್ಕದಲ್ಲೇ ಕೂತಿದ್ಲು ಕಣೇ. ಆ ಬಾಗ್ಲು ಮಾತು ಅವ್ರು ನಿದ್ದೇಲೂ ಹೇಳ್ತಾರಂತೆ" ಅಂದರು.

ಗೊತ್ತು. ಮೂರು ವಾರದ ತಾಲೀಮಿನಲ್ಲಿ ಆ ಮಾತಿಗೆ ಒಂದು ಸಲವೂ ಬೆರಳು ಎದ್ದದ್ದಿಲ್ಲ. ಬಾಯಲ್ಲಿ ಮಾತು ಇಟ್ಟುಕೊಂಡು, ಬೆರಳೆತ್ತಿ, ಎಂಟು ನೂರು ಜನರ ಎದುರು ನಾನು ಹುಡುಕಿ ತರುವವರೆಗೆ ಕಾದರು. ನಾನು ತರದಿದ್ದರೆ? ಅಲ್ಲೇ ನಿಂತಿರುತ್ತಿದ್ದರು, ಕತ್ತೆ. ಇಂಥ ಕೆಟ್ಟ ನಟನೆ ನಾನು ಇಪ್ಪತ್ತೆರಡು ವರ್ಷದಲ್ಲಿ ನೋಡಿಲ್ಲ. ಮರೆತವನ ಪಾತ್ರ ಮಾಡಲೂ ಬರುವುದಿಲ್ಲ.

ಮಧ್ಯಾಹ್ನದ ಅರ್ಧ ಮಾತ್ರೆ ನುಂಗಿದೆ. ಮೇಜಿನ ಕಾಲಡಿಯಿಂದ ಡಾಕ್ಟರ ಪುಸ್ತಕ ಎಳೆದು, ಧೂಳು ಒರೆಸಿ, ನಿನ್ನೆಯ ತಾರೀಖು ಹಾಕಿದೆ. ನೋವು, ನಾಲ್ಕು. ತಡ, ಮೂರು ಉಸಿರು. ಪಕ್ಕದಲ್ಲಿ 'ತಡೆಯಬಹುದು' ಅಂತ ಬರೆದೆ.

ಮೇಜು ಮತ್ತೆ ಕುಂಟುತ್ತಿದೆ. ಅತ್ತಿಗೆ ಬೈಯುತ್ತಿದ್ದಾರೆ.